ಒಂಬತ್ತು ದಿನದ ಮನೆ: ಬಿಬಿಸಿಯ ‘ಡಿಐವೈ ಎಸ್‌ಒಎಸ್’ ಕೆಲಸವನ್ನು ಮೇಸ್ತ್ರಿಯ ಕಣ್ಣಿಂದ ನೋಡಿದರೆ

ಪಾಯ ತೋಡಿದ ಒಂಬತ್ತನೇ ದಿನ ಮನೆಯವರು ಒಳಗೆ ಬರುತ್ತಾರೆ. ಊರಲ್ಲಿ ಮನೆ ಕಟ್ಟಿಸಿ, ಗಾರೆಯವರು ಒಂದು ದಿನ ಬಂದು ಮೂರು ದಿನ ಬಾರದೆ ಒದ್ದಾಡಿದವರಿಗೆ ಇದನ್ನು ಟಿವಿಯಲ್ಲಿ ನೋಡಿದಾಗ ನಂಬಿಕೆ ಬರುವುದು ಕಷ್ಟ. ಬ್ರಿಟನ್ನಿನ ಬಿಬಿಸಿ ಒನ್‌ನಲ್ಲಿ ಬರುವ ‘ಡಿಐವೈ ಎಸ್‌ಒಎಸ್’ ಎಂಬ ಮನೆ ದುರಸ್ತಿಯ ಕಾರ್ಯಕ್ರಮ ನೋಡಿದವರು ಕೇಳುವುದು ಎರಡೇ ಪ್ರಶ್ನೆ: ಇದು ನಿಜವಾ? ಇಷ್ಟು ಅವಸರದಲ್ಲಿ ಕಟ್ಟಿದ್ದು ನಿಲ್ಲುತ್ತಾ? ನಿಜ, ಕ್ರಮ ತಪ್ಪದಿದ್ದರೆ ಚೆನ್ನಾಗಿಯೇ ನಿಲ್ಲುತ್ತದೆ. ಅದಕ್ಕೆ ಕಾರಣ ಕೂಲಿ ಇಲ್ಲದೆ ನೂರು ಜನ ಕೆಲಸಕ್ಕೆ ಬಂದದ್ದು ಎಂದು ತೆರೆ ಮೇಲೆ ಕಾಣುತ್ತದೆ. ನಿಜವಾದ ಕಾರಣ ಬೇರೆ. ಆ ನೂರು ಜನ ಬರುವ ಮೊದಲೇ ಮನೆ ಕಾಗದದ ಮೇಲೆ ಕಟ್ಟಿ ಮುಗಿದಿರಬೇಕು. ಒಣಗಲಿ ಎಂದು ಕಾಯಬೇಕಾದ ಸಾಮಾನನ್ನು ಆದಷ್ಟು ದೂರ ಇಟ್ಟಿರಬೇಕು. ನೀರು ಬೆರೆಸಿದ ಸಾಮಾನು ಎಲ್ಲೆಲ್ಲಿ ಒಳಗೆ ಬರುತ್ತದೋ ಅಲ್ಲೆಲ್ಲ ಈ ಒಂಬತ್ತು ದಿನದ ಲೆಕ್ಕ ಬಿಗಿಯಾಗುತ್ತದೆ.

ಕಾರ್ಯಕ್ರಮ ಶುರುವಾದದ್ದು 1999ರಲ್ಲಿ, ನಿಕ್ ನೋಲ್ಸ್ ನಿರೂಪಣೆಯಲ್ಲಿ. ಆಗ ಅದು ಮನೆಯವರೇ ಶುರುಮಾಡಿ ಕೆಡಿಸಿಕೊಂಡ ಸಣ್ಣಪುಟ್ಟ ಕೆಲಸವನ್ನು ಸರಿಪಡಿಸುವ ಕಾರ್ಯಕ್ರಮ. 2010ರಿಂದ ‘ದಿ ಬಿಗ್ ಬಿಲ್ಡ್’ ಎಂಬ ಹೊಸ ರೂಪ ಬಂತು. ಕಾಯಿಲೆ, ಅಪಘಾತ, ಅಂಗವೈಕಲ್ಯದಿಂದ ತಮ್ಮ ಮನೆಯಲ್ಲೇ ಓಡಾಡಲಾಗದ ಕುಟುಂಬಕ್ಕೆ ಸುತ್ತಮುತ್ತಲಿನ ಕಟ್ಟಡ ಕೆಲಸದವರು ಕೂಲಿ ಇಲ್ಲದೆ ಬಂದು ಮನೆ ಬದಲಿಸಿ ಕೊಡುತ್ತಾರೆ. ಸಾಮಾನು ಕೂಡ ಅಲ್ಲಿನ ಅಂಗಡಿ, ಕಂಪನಿಗಳ ದಾನ. ಪ್ಲಾಸ್ಟರ್ ಕೆಲಸದ ಕ್ರಿಸ್ ಫ್ರೆಡಿಯಾನಿ, ಎಲೆಕ್ಟ್ರಿಷಿಯನ್ ಬಿಲ್ಲಿ ಬರ್ನ್, ಜೊತೆಗೆ ಜೂಲಿಯನ್ ಪೆರಿಮನ್, ಮಾರ್ಕ್ ಮಿಲ್ಲರ್ ಇರುವ ಕಾಯಂ ತಂಡ ಚಿಕ್ಕದು. ನೇರಳೆ ಟೀ ಶರ್ಟ್ ಹಾಕಿಕೊಂಡು ಅಂಗಳ ತುಂಬುವವರೆಲ್ಲ ಆ ಊರಿನವರು. ಮಲೆನಾಡಿನ ಮುಯ್ಯಾಳನ್ನು ಬಲ್ಲವರಿಗೆ ಈ ದೃಶ್ಯ ಪರಿಚಿತ ಅನ್ನಿಸಬಹುದು. ಆದರೆ ಮುಯ್ಯಿಯಲ್ಲಿ ನಾಳೆ ನಿಮ್ಮ ಗದ್ದೆಗೂ ಆಳು ಬರುತ್ತದೆ. ಇಲ್ಲಿ ವಾಪಸ್ ಬರುವುದು ಏನೂ ಇಲ್ಲ, ದಿನದ ಸಂಪಾದನೆ ಬಿಟ್ಟು ಬರುತ್ತಾರೆ. ಈ ಒಂದು ಕಾರಣಕ್ಕೇ ಅವರ ಕೆಲಸವನ್ನು ಗೌರವದಿಂದ, ಆದರೆ ಕಣ್ಣುಬಿಟ್ಟು ನೋಡಬೇಕು.

ಸರ್ಕಾರದ ನೆರವಿಲ್ಲವೇ ಎಂದರೆ, ಇದೆ. ಇಂಗ್ಲೆಂಡಿನಲ್ಲಿ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಎಂಬ ಅನುದಾನದ ಮಿತಿ 30,000 ಪೌಂಡ್, ವೇಲ್ಸ್‌ನಲ್ಲಿ 36,000. ಬಾಗಿಲು ಅಗಲ ಮಾಡಲು, ಇಳಿಜಾರು ಕಟ್ಟಲು, ಒಂದು ಬಚ್ಚಲು ಬದಲಿಸಲು ಅದು ಸಾಕಾಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ಹೊಸ ಮಲಗುವ ಕೋಣೆ, ಅದಕ್ಕೆ ಅಂಟಿದ ಸ್ನಾನದ ಕೋಣೆ, ಎರಡಕ್ಕೂ ಸೇರಿ ಚಾವಣಿಯಲ್ಲಿ ಮನುಷ್ಯರನ್ನು ಎತ್ತಿ ಸಾಗಿಸುವ ಹಾಯ್ಸ್ಟ್ ಬೇಕು ಎಂದಾಗ ಸಾಕಾಗುವುದು ಕಷ್ಟ. ಈ ಕಂದಕದಲ್ಲಿ ಸಿಕ್ಕಿಕೊಂಡ ಕುಟುಂಬಗಳಿಗೆ ಇಂಥ ಸೇವೆ ದೊಡ್ಡ ಆಸರೆ.

ಈಗ ಕೆಲಸಕ್ಕೆ ಬರೋಣ. ಒಂಬತ್ತು ದಿನ ಎನ್ನುವುದು ಸೈಟಿನ ಲೆಕ್ಕ ಮಾತ್ರ. ಅಲ್ಲಿ ಮನೆ ವಿಸ್ತರಣೆಗೆ ಯೋಜನಾ ಅನುಮತಿ ಬೇಕಾದರೆ ಸ್ಥಳೀಯ ಕೌನ್ಸಿಲ್ ನಿರ್ಧಾರ ಹೇಳಲು ಇರುವ ಅವಧಿಯೇ 8 ವಾರ. ಪಕ್ಕದ ಮನೆಯ ಜೊತೆಗಿನ ಸಾಮಾನ್ಯ ಗೋಡೆ ಮುಟ್ಟಬೇಕಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಎರಡು ತಿಂಗಳ ನೋಟಿಸ್, ಪಕ್ಕದವರ ಪಾಯದ ಹತ್ತಿರ ಅದಕ್ಕಿಂತ ಆಳ ತೋಡಲು ಒಂದು ತಿಂಗಳ ನೋಟಿಸ್. ಅಳತೆಗೆ ಮಾಡಿಸುವ ಜೋಡಿ ಗಾಜಿನ ಕಿಟಕಿ ಬರಲು ವಾರಗಟ್ಟಲೆ ಬೇಕು. ಆದ್ದರಿಂದ ಇಂಥ ಕೆಲಸದಲ್ಲಿ ಗೋಡೆಯ ಬಾಯಿ ಅಳೆದು ಕಿಟಕಿ ಮಾಡಿಸುವ ಪದ್ಧತಿ ನಡೆಯುವುದಿಲ್ಲ. ಕಿಟಕಿಯ ಅಳತೆ ಮೊದಲು ನಿಗದಿಯಾಗಬೇಕು, ಆಮೇಲೆ ಮರದ ಚೌಕಟ್ಟನ್ನು ಸುತ್ತ 10 ಮಿಲಿಮೀಟರ್ ಸಂದು ಬಿಟ್ಟು ಅದಕ್ಕೆ ಹೊಂದಿಸಬೇಕು. ಇದೊಂದು ತಪ್ಪಿದರೆ ನಾಲ್ಕನೇ ದಿನ ಮನೆಗೆ ಮಳೆ ನೀರು ಬರುತ್ತದೆ, ಐದನೇ ದಿನದ ಎಲೆಕ್ಟ್ರಿಷಿಯನ್ ಕೆಲಸ ನಿಲ್ಲುತ್ತದೆ, ಅಲ್ಲಿಂದ ಮುಂದಿನದೆಲ್ಲ ಕುಸಿಯುತ್ತದೆ.

ಇನ್ನೊಂದು ಲೆಕ್ಕ ನೋಡಿ. ದಿನಕ್ಕೆ ನೂರು ಜನ, ಒಂಬತ್ತು ದಿನ ಎಂದರೆ 900 ಆಳುದಿನ. ಕಟ್ಟಡ ಕೆಲಸದ ಸುರಕ್ಷತೆಗೆಂದು ಬ್ರಿಟನ್ನಿನಲ್ಲಿರುವ 2015ರ ಸಿಡಿಎಂ ನಿಯಮದ ಪ್ರಕಾರ 500 ಆಳುದಿನ ಮೀರುವ ಯಾವುದೇ ಕಟ್ಟಡ ಕೆಲಸವನ್ನು ಮೊದಲೇ ಸುರಕ್ಷತಾ ಇಲಾಖೆಯಾದ ಎಚ್‌ಎಸ್‌ಇಗೆ ತಿಳಿಸಬೇಕು. ಅಂದರೆ ಹಿತ್ತಲಲ್ಲಿ ಎದ್ದ ಒಂದು ಕೋಣೆ ಕಾನೂನಿನ ಕಣ್ಣಲ್ಲಿ ದೊಡ್ಡ ಸೈಟು. ಮುಖ್ಯ ಗುತ್ತಿಗೆದಾರ ಯಾರು, ಮುಖ್ಯ ವಿನ್ಯಾಸಕ ಯಾರು, ಸುರಕ್ಷತಾ ಯೋಜನೆ ಎಲ್ಲಿದೆ ಎಂಬುದೆಲ್ಲ ಬರಹದಲ್ಲಿ ಇರಲೇಬೇಕು. ಬಂದವರು ಕೂಲಿ ತೆಗೆದುಕೊಳ್ಳುವುದಿಲ್ಲ ಎಂದು ನಿಯಮ ಸಡಿಲವಾಗುವುದಿಲ್ಲ. ಟಿವಿಯಲ್ಲಿ ಈ ಭಾಗ ಹೆಚ್ಚು ಕಾಣುವುದಿಲ್ಲ. ಕಾರ್ಯಕ್ರಮದ ಬಗ್ಗೆ ನಮ್ಮ ಮೊದಲ ದೂರು ಇದೇ: ವೇಗದ ಗುಟ್ಟು ಎಲ್ಲಿದೆಯೋ ಅದನ್ನೇ ಕತ್ತರಿಸಿ ಪಕ್ಕಕ್ಕಿಟ್ಟಿದ್ದಾರೆ.

ನಮ್ಮ ಕಡೆಯ ಪದ್ಧತಿಯಲ್ಲಿ ಇದು ಏಕೆ ಆಗದು ಎಂಬುದನ್ನೂ ಹೇಳಿಬಿಡಬೇಕು. ಮೋಲ್ಡ್ ಹಾಕಿದ ಮೇಲೆ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿನ ಆಸರೆ ಬಿಚ್ಚಲು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವುದೇ 7 ದಿನ, ಅದಕ್ಕಿಂತ ಉದ್ದವಾದರೆ 14. ಸೆಂಟ್ರಿಂಗ್ ಬಿಚ್ಚುವ ಹೊತ್ತಿಗೆ ಅವರ ಮನೆಯ ಗೋಡೆಗೆ ಬಣ್ಣ ಬಂದಿರುತ್ತದೆ. ಬ್ರಿಟನ್ನಿನಲ್ಲಿ ಇಂಥ ವಿಸ್ತರಣೆಗೆ ಅನುಕೂಲವಾಗುವುದು ಮರದ ಚೌಕಟ್ಟು. 140 ಮಿಲಿಮೀಟರ್ ಅಗಲದ ಮರದ ಕಂಬಗಳನ್ನು 400 ಅಥವಾ 600 ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿ, ಹೊರಗೆ ಮರದ ಚಕ್ಕೆ ಒತ್ತಿ ಮಾಡಿದ 9 ಮಿಲಿಮೀಟರ್ ಓಎಸ್‌ಬಿ ಹಲಗೆ, ಅದರ ಮೇಲೆ ಉಸಿರಾಡುವ ಪೊರೆ. ಕಂಬಗಳ ನಡುವೆ ಶಾಖ ತಡೆಯುವ ಫೋಮ್ ಹಲಗೆ. ಒಳಗಡೆ ಆವಿ ತಡೆಯುವ ಹಾಳೆ, ಅದರ ಮೇಲೆ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್. ಇಟ್ಟಿಗೆಯ ಹೊರಮೈ ಬೇಕಾದರೆ ಅದನ್ನು ನಿಧಾನಕ್ಕೆ ಹೊರಗಿನಿಂದ ಕಟ್ಟಿಕೊಳ್ಳಬಹುದು. ಹಸಿ ಗಾರೆಯ ಇಟ್ಟಿಗೆ ಗೋಡೆಯನ್ನು ದಿನಕ್ಕೆ 1.5 ಮೀಟರ್‌ಗಿಂತ ಎತ್ತರ ಏರಿಸಬಾರದು, ಕೊರೆಯುವ ಚಳಿಯಲ್ಲಂತೂ ಗಾರೆ ಮುಟ್ಟಲೇಬಾರದು. ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಂತಿರುವುದರಿಂದ ಹೊರಗೆ ಇಟ್ಟಿಗೆಯವರು ಇರುವಾಗಲೇ ಒಳಗೆ ವೈರಿಂಗ್ ನಡೆಯುತ್ತದೆ.

6 ಮೀಟರ್‌ಗೆ 4 ಮೀಟರ್‌ನ ಒಂದು ಹಿಂಬದಿ ವಿಸ್ತರಣೆ ಇಟ್ಟುಕೊಂಡು ದಿನ ಲೆಕ್ಕ ಹಾಕೋಣ. ಮೂರು ಕಡೆ ಸೇರಿ 14 ಮೀಟರ್ ಪಾಯ, 600 ಮಿಲಿಮೀಟರ್ ಅಗಲ, ಜೇಡಿ ನೆಲದಲ್ಲಿ ಕನಿಷ್ಠ 1 ಮೀಟರ್ ಆಳ. ಪಾಯದ ಹತ್ತಿರ ಮರಗಳಿದ್ದರೆ ಆಳ ಇನ್ನೂ ಹೆಚ್ಚು. ಕಾಂಕ್ರೀಟು 8.4 ಘನ ಮೀಟರ್; ಒಂದು ರೆಡಿಮಿಕ್ಸ್ ಲಾರಿಯಲ್ಲಿ ಸುಮಾರು 6 ಘನ ಮೀಟರ್ ಹಿಡಿಯುವುದರಿಂದ ಎರಡು ಲಾರಿ. ತೋಡಿದ ಮಣ್ಣು ಹಿಗ್ಗಿ ಹನ್ನೊಂದು ಘನ ಮೀಟರ್ ಹತ್ತಿರ ಆಗುತ್ತದೆ, ಅದನ್ನು ಸಾಗಿಸಲು 8 ಘನ ಗಜದ ತೊಟ್ಟಿ ಎರಡು. ಮೊದಲ ದಿನ ಬೆಳಿಗ್ಗೆ ತೋಡಿ, ಕಟ್ಟಡ ಇನ್‌ಸ್ಪೆಕ್ಟರ್ ಬಂದು ತೋಡಿದ ಪಾಯದ ತಳ ನೋಡಿ ಒಪ್ಪಿದ ಮೇಲೆ ಮಧ್ಯಾಹ್ನ ಸುರಿಯಬೇಕು. ಇನ್‌ಸ್ಪೆಕ್ಟರ್ ಬರುವ ಗಂಟೆಯನ್ನು ಲಾರಿಯ ಗಂಟೆಗೆ ಹೊಂದಿಸದಿದ್ದರೆ ಅರ್ಧ ದಿನ ಹೋದಂತೆ. ಎರಡನೇ ದಿನ ಕಾಂಕ್ರೀಟ್ ಬ್ಲಾಕಿನ ಎರಡು ಮೂರು ವರಸೆ, ತೇವ ತಡೆಯುವ ಹಾಳೆ, ನೆಲದಡಿಯ 110 ಮಿಲಿಮೀಟರ್ ಚರಂಡಿ ಪೈಪು. ಪೈಪಿನ ಇಳಿಜಾರು 40ಕ್ಕೆ 1 ಇದ್ದರೆ ನೆಮ್ಮದಿ. ಜಾಗ ಸಾಲದೆ ಹೋದರೆ ಶೌಚಾಲಯ ಸೇರುವ ಪೈಪಿಗೆ 80ಕ್ಕೆ 1ರವರೆಗೆ ಒಪ್ಪುತ್ತಾರೆ. ಕಾಂಕ್ರೀಟಿನ ಕಾಯುವಿಕೆಯೇ ಬೇಡ ಎನ್ನುವವರು ಸ್ಕ್ರೂವಿನಂಥ ಉಕ್ಕಿನ ಕಂಬಗಳನ್ನು (ಸ್ಕ್ರೂ ಪೈಲ್) ನೆಲಕ್ಕೆ ತಿರುಗಿಸಿ ಇಳಿಸುತ್ತಾರೆ. ಅದರ ಮೇಲೆ ಅದೇ ದಿನ ಭಾರ ಹಾಕಬಹುದು. ಇಂಥ ಕೆಲಸಕ್ಕೆ ಅದೇ ಒಳ್ಳೆಯ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ.

ಮೂರು ಮತ್ತು ನಾಲ್ಕನೇ ದಿನ ನೆಲ, ಚೌಕಟ್ಟು, ಮಾಡು, ಕಿಟಕಿ. ಐದನೇ ದಿನ ಪೈಪು ಮತ್ತು ವೈರಿಂಗ್, ಆರನೇ ದಿನ ಬೋರ್ಡು, ಏಳು ಪ್ಲಾಸ್ಟರ್, ಎಂಟು ಬಣ್ಣ ಮತ್ತು ಸ್ವಿಚ್ಚು ನಲ್ಲಿಗಳು, ಒಂಬತ್ತನೇ ದಿನ ಸಾಮಾನು ಜೋಡಣೆ ಮತ್ತು ತೋಟ. ಹೇಳಲು ಸಲೀಸು. ಕೈಕೊಡುವ ಜಾಗಗಳು ನಾಲ್ಕೈದು ಇವೆ, ಅವನ್ನು ಹತ್ತಿರದಿಂದ ನೋಡಬೇಕು.

ಮೊದಲನೆಯದು ಹಳೆ ಮನೆಯ ಹಿಂಗೋಡೆ ಒಡೆದು ಹೊಸ ಕೋಣೆಗೆ ಸೇರಿಸುವ ಜಾಗ. 3 ಮೀಟರ್ ಬಾಯಿಗೆ ಎರಡೂ ಕಡೆ 150 ಮಿಲಿಮೀಟರ್ ಊರಿಕೆ ಸೇರಿಸಿ 3.3 ಮೀಟರ್ ಉಕ್ಕಿನ ತೊಲೆ. ಮೀಟರ್‌ಗೆ 25 ಕಿಲೋ ತೂಗುವ ತೊಲೆಯಾದರೆ 82 ಕಿಲೋದ ಮೇಲೆ. ಎತ್ತುವುದು ದೊಡ್ಡದಲ್ಲ, ನೂರು ಜನ ಇದ್ದಾರೆ. ತೊಲೆ ಕೂತ ಮೇಲೆ ಅದರ ತಲೆಗೂ ಮೇಲಿನ ಹಳೆ ಇಟ್ಟಿಗೆಗೂ ನಡುವೆ ಉಳಿಯುವ ಬೆರಳಗಲದ ಸಂದಿಯೇ ಮುಖ್ಯ. ಅದಕ್ಕೆ ನೀರು ತೀರಾ ಕಡಿಮೆ ಹಾಕಿ ಕಲಸಿದ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಂಥ ಗಾರೆಯನ್ನು ಕೋಲಿನಿಂದ ಗಿಡಿದು ತುಂಬಬೇಕು, ನಡುನಡುವೆ ಕಲ್ಲಿನ ಬಿಲ್ಲೆ ಅಥವಾ ಉಕ್ಕಿನ ಬಿಲ್ಲೆ ಬಡಿದು ಕೂರಿಸಬೇಕು. ಇದು ಗಟ್ಟಿಯಾಗುವ ಮೊದಲೇ ಜಾಗ ಬೇಕು ಎಂದು ಆಸರೆ ಕಂಬ ತೆಗೆದರೆ ಮೇಲಂತಸ್ತಿನ ಗೋಡೆ ಎರಡು ಮೂರು ಮಿಲಿಮೀಟರ್ ಇಳಿಯುತ್ತದೆ. ಆ ಬಿರುಕು ಮೇಲಿನ ಕೋಣೆಯ ಕಿಟಕಿಯ ಮೂಲೆಯಲ್ಲಿ ತಿಂಗಳ ನಂತರ ಕಾಣುತ್ತದೆ. ತೊಲೆ ಕೂರುವ ಕಲ್ಲನ್ನೂ ಅಲ್ಲೇ ಎರಕ ಹೊಯ್ಯದೆ ಮೊದಲೇ ಎರಕವಾದದ್ದು ತರಬೇಕು. ಆಸರೆಯನ್ನು ಯಾರೂ ಮುಟ್ಟದಂತೆ ಕೆಂಪು ಬಣ್ಣ ಬಳಿದು, ತೆಗೆಯುವ ದಿನಾಂಕ ಬರೆದು, ಒಬ್ಬನೇ ಒಬ್ಬನಿಗೆ ಅಧಿಕಾರ ಕೊಡುವುದು ಸರಿಯಾದ ಕ್ರಮ. ಒಬ್ಬರಿಗೊಬ್ಬರು ಪರಿಚಯ ಇಲ್ಲದ ನೂರು ಜನರ ಸೈಟಿನಲ್ಲಿ ಬಾಯಿಮಾತು ನಡೆಯುವುದಿಲ್ಲ.

ಎರಡನೆಯದು ಬೋರ್ಡು ಮುಚ್ಚುವ ಮುನ್ನಿನ ಒಂದು ಗಂಟೆ. ವೈರು ಮತ್ತು ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಿರುವುದು ಐದನೇ ದಿನ ಬಂದವನಿಗೆ. ಎಂಟನೇ ದಿನ ಹಿಡಿಕೆ ಕಂಬಿ ಕೂರಿಸುವವನು ಬೇರೆಯವನು. ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671 ಪ್ರಕಾರ ಗೋಡೆಯೊಳಗೆ 50 ಮಿಲಿಮೀಟರ್‌ಗಿಂತ ಕಡಿಮೆ ಆಳದಲ್ಲಿರುವ ವೈರು ಸ್ವಿಚ್ಚಿನಿಂದ ನೇರ ಮೇಲಕ್ಕೋ ಕೆಳಕ್ಕೋ ಅಡ್ಡಕ್ಕೋ ಹೋಗಬೇಕು, ಇಲ್ಲವೆಂದರೆ ಅದಕ್ಕೆ ಬೇರೆ ರಕ್ಷಣೆ ಇರಬೇಕು. ಇದನ್ನು ಪಾಲಿಸಿದರೂ ಸಾಲದು. ಪ್ರತಿ ಗೋಡೆಗೆ ಅಳತೆ ಟೇಪನ್ನು ನೆಲದಿಂದ ಚಾವಣಿಯವರೆಗೆ ಒಮ್ಮೆ, ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ಹಿಡಿದು ಫೋಟೋ ತೆಗೆಯಬೇಕು. ಅದೇ ಗಂಟೆಯಲ್ಲಿ ನೀರಿನ ಪೈಪಿಗೆ ಒತ್ತಡ ಹಾಕಿ ಮಾಪಕದ ಮುಳ್ಳು ಇಳಿಯುವುದಿಲ್ಲ ಎಂದು ನೋಡಿಕೊಳ್ಳಬೇಕು. ಇನ್ನೊಂದು: ಶೌಚಾಲಯದ ಪಕ್ಕ, ಹಾಸಿಗೆಯ ಪಕ್ಕ, ಸ್ನಾನದ ಕುರ್ಚಿಯ ಪಕ್ಕ ಕಂಬಗಳ ನಡುವೆ 18 ಮಿಲಿಮೀಟರ್ ಪ್ಲೈವುಡ್ ಬಿಗಿದಿರಬೇಕು. ಜಿಪ್ಸಮ್ ಬೋರ್ಡಿಗೆ ಮಾತ್ರ ಸ್ಕ್ರೂ ಹೊಡೆದ ಹಿಡಿಕೆ, ಒಬ್ಬರು ಪೂರ್ತಿ ಭಾರ ಹಾಕಿದ ದಿನ ಕೈಗೆ ಬರುತ್ತದೆ. ಅವರಿಗೆ ಆ ಹಿಡಿಕೆಯೇ ಕಾಲು. ಈ ಪ್ಲೈವುಡ್ಡಿನ ಬೆಲೆ ತೀರಾ ಕಡಿಮೆ. ಬೋರ್ಡು ಮುಚ್ಚಿದ ಮೇಲೆ ಅದನ್ನು ಸೇರಿಸುವ ಬೆಲೆ ಇಡೀ ಗೋಡೆ.

ಮೂರನೆಯದು ಪ್ಲಾಸ್ಟರ್, ನಮ್ಮ ತಕರಾರು ಹೆಚ್ಚಿರುವುದೂ ಇಲ್ಲೇ. ಬ್ರಿಟನ್ನಿನವರು ಜಿಪ್ಸಮ್ ಬೋರ್ಡಿನ ಮೇಲೆ ಎರಡು ಮೂರು ಮಿಲಿಮೀಟರ್ ಜಿಪ್ಸಮ್ ಪ್ಲಾಸ್ಟರ್ ಎಳೆಯುತ್ತಾರೆ, ಸ್ಕಿಮ್ ಎನ್ನುತ್ತಾರೆ. 25 ಕಿಲೋ ಚೀಲ ಸುಮಾರು 10 ಚದರ ಮೀಟರ್‌ಗೆ ಬರುತ್ತದೆ. ಹಳೆ ಮನೆಯ ಕೋಣೆಗಳೂ ಸೇರಿ 200 ಚದರ ಮೀಟರ್ ಎಂದುಕೊಂಡರೆ 20 ಚೀಲ. ಚೀಲಕ್ಕೆ 11ರಿಂದ 12 ಲೀಟರ್ ನೀರು, ಒಟ್ಟು ಇನ್ನೂರಿಪ್ಪತ್ತಕ್ಕೂ ಹೆಚ್ಚು ಲೀಟರ್. ಜಿಪ್ಸಮ್ ಗಟ್ಟಿಯಾಗುವಾಗ ಅದರಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚು ನೀರು ಕಿಟಕಿ ಮುಚ್ಚಿದ ಮನೆಯ ಗಾಳಿಗೆ ಬಂದು ಹೊರಗೆ ಹೋಗಬೇಕು. ಪ್ಲಾಸ್ಟರ್ ಒಂದೂವರೆ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಒಣಗಲು ದಿನಗಳು ಬೇಕು. ಈ ಎರಡನ್ನೂ ಒಂದೇ ಎಂದುಕೊಳ್ಳುವುದೇ ತಪ್ಪಿನ ಬೇರು. ಹಸಿಯಿದ್ದಾಗ ಗಾಢ ಕಂದು ಗುಲಾಬಿ, ಒಣಗಿದಾಗ ತಿಳಿ ಗುಲಾಬಿ. ಮೂಲೆಗಳಲ್ಲಿ, ನೆಲದ ಹತ್ತಿರದ ಒಂದು ಗೇಣಿನಲ್ಲಿ ಗಾಢ ಬಣ್ಣ ಕೊನೆಯವರೆಗೂ ಉಳಿದಿರುತ್ತದೆ.

ಅವಸರಕ್ಕೆಂದು ಗ್ಯಾಸ್ ಹೀಟರ್ ಹಚ್ಚುವುದುಂಟು. ಗ್ಯಾಸ್ ಉರಿದಾಗ ನೀರಾವಿಯೇ ಹುಟ್ಟುತ್ತದೆ, ಗೋಡೆ ಬಿಸಿಯಾದರೂ ಗಾಳಿ ತೇವವಾಗುತ್ತದೆ. ಇನ್ನೂ ಗಟ್ಟಿಯಾಗದ ಪ್ಲಾಸ್ಟರಿಗೆ ಬಿಸಿಗಾಳಿ ಬಡಿದರೆ ಮೇಲ್ಮೈ ಮೊದಲೇ ಒಣಗಿ ಪುಡಿ ಉದುರುತ್ತದೆ. ಸರಿಯಾದದ್ದು ಗಾಳಿಯಿಂದ ನೀರು ಹೀರುವ ಯಂತ್ರ, ಕಿಟಕಿ ಮುಚ್ಚಿ, ಸಾಧಾರಣ ಬೆಚ್ಚಗೆ, ಅದೂ ಪ್ಲಾಸ್ಟರ್ ಗಟ್ಟಿಯಾದ ಮೇಲೆ. ಬಣ್ಣದ ಮೊದಲ ಕೈ ನೀರು ಬೆರೆಸಿ ತೆಳುವಾಗಿ ಬಳಿಯಬೇಕು, ಬಣ್ಣವೂ ಆವಿ ಬಿಡುವ ಮ್ಯಾಟ್ ಆಗಿರಬೇಕು. ಹೊಳೆಯುವ ವಿನೈಲ್ ಬಣ್ಣ ಅರೆಹಸಿ ಗೋಡೆಗೆ ಹೋದರೆ ಮೊದಲ ಚಳಿಗಾಲದಲ್ಲೇ ಹಾಳೆಯಂತೆ ಏಳುತ್ತದೆ. ಒಂಬತ್ತು ದಿನದ ಮನೆಗೆ ನಾವು ಕೊಡುವ ಸಲಹೆ ಬೇರೆಯೇ: ಮಲಗುವ ಕೋಣೆಗಳಲ್ಲಿ ಸ್ಕಿಮ್ ಬಿಟ್ಟುಬಿಡಿ. ಅಂಚು ಇಳಿಸಿದ ಬೋರ್ಡು ತಂದು, ಸೇರುವ ಸಾಲಿಗೆ ಮಾತ್ರ ಕಾಗದದ ಪಟ್ಟಿ ಹಚ್ಚಿ, ಮೂರು ಕೈ ಲೇಪ ಎಳೆದು ಉಜ್ಜಿದರೆ ಸಾಕು. ನೀರು ಬಹಳ ಕಡಿಮೆ, ಮರುದಿನ ಬಣ್ಣ ಬಳಿಯಬಹುದು. ಪಕ್ಕದಿಂದ ಬೆಳಕು ಬಿದ್ದಾಗ ಸ್ಕಿಮ್ಮಿನಷ್ಟು ನುಣುಪು ಕಾಣುವುದಿಲ್ಲ ನಿಜ; ಆದರೆ ಹಸಿ ಗೋಡೆಯ ಪಕ್ಕ ಉಸಿರಾಟದ ತೊಂದರೆ ಇರುವ ಮಗುವನ್ನು ಮಲಗಿಸುವುದಕ್ಕಿಂತ ಅದು ಎಷ್ಟೋ ಮೇಲು.

ನೆಲದ್ದೂ ಇದೇ ಕಥೆ. ಸ್ಕ್ರೀಡ್, ಅಂದರೆ ನೆಲ ಮಟ್ಟ ಮಾಡಲು ಹಾಕುವ ಸಿಮೆಂಟ್ ಮರಳಿನ ಪದರ, ಒಣಗುವ ರೂಢಿಯ ಲೆಕ್ಕ, ಮೊದಲ 50 ಮಿಲಿಮೀಟರ್‌ಗೆ ದಿನಕ್ಕೆ 1 ಮಿಲಿಮೀಟರ್, ಅದರಾಚೆ ದಿನಕ್ಕೆ ಅರ್ಧ. 75 ಮಿಲಿಮೀಟರ್ ದಪ್ಪಕ್ಕೆ ನೂರು ದಿನ. ವಿನೈಲ್ ಹಾಸು ಅಂಟಿಸುವ ಮೊದಲು ನೆಲದ ಮೇಲೆ ಅಳೆದ ಸಾಪೇಕ್ಷ ಆರ್ದ್ರತೆ ಶೇ 75ಕ್ಕೆ ಇಳಿದಿರಬೇಕು ಎನ್ನುತ್ತದೆ ಅಲ್ಲಿನ ಮಾನದಂಡ. ಒಂಬತ್ತು ದಿನದಲ್ಲಿ ಅದು ಸಾಧ್ಯವೇ ಇಲ್ಲ. ಆದ್ದರಿಂದ ಜಂತಿಯ ಮೇಲೆ 22 ಮಿಲಿಮೀಟರ್ ಹಲಗೆ ಹಾಕಿದ ಒಣ ನೆಲವೇ ಸರಿ. ಬೇಗ ಗಟ್ಟಿಯಾಗುವ ವಿಶೇಷ ಸಿಮೆಂಟಿನ ಸ್ಕ್ರೀಡ್ ಇದೆ, ಬೆಲೆ ಹೆಚ್ಚು, ಕಲಸುವ ನೀರಿನ ಅಳತೆ ತಪ್ಪಿದರೆ ಅದರ ಗುಣವೇ ಹೋಗುತ್ತದೆ.

ಸ್ನಾನದ ಕೋಣೆ ಇಡೀ ಮನೆಯ ಪರೀಕ್ಷೆ. ಗಾಲಿಕುರ್ಚಿ ನೇರ ಒಳಗೆ ಬರುವಂತೆ ಹೊಸ್ತಿಲೇ ಇಲ್ಲದ, ನೆಲವೆಲ್ಲ ನೆನೆಯುವ ಕೋಣೆ. ಇಳಿಜಾರು ಮೊದಲೇ ಕೆತ್ತಿ ಬಂದಿರುವ ಶವರ್ ತಟ್ಟೆಯನ್ನು ಜಂತಿಗೆ ಕೂರಿಸಿ ರಸಮಟ್ಟ ಇಟ್ಟು ನೋಡಬೇಕು. ಜಂತಿ ಬಳುಕಿದರೆ ಟೈಲ್ಸ್ ಸಂದು ಬಿಡುತ್ತದೆ. ಮೂಲೆಗೆ, ಗೋಡೆ ನೆಲ ಸೇರುವಲ್ಲಿಗೆ ಪಟ್ಟಿ ಹಚ್ಚಿ, ಎರಡು ಕೈ ವಾಟರ್‌ಪ್ರೂಫಿಂಗ್. ಎರಡನೇ ಕೈ ಮೊದಲನೆಯದಕ್ಕೆ ಅಡ್ಡಲಾಗಿ. ಆಮೇಲೆ ನೀರಿನ ಬಾಯಿ ಮುಚ್ಚಿ ನೀರು ನಿಲ್ಲಿಸಿ ನೋಡುವುದು. ನಮ್ಮೂರಿನ ಟೆರೇಸಿಗೆ ಮಾಡುವ ಹಾಗೆ 24 ಗಂಟೆ ನಿಲ್ಲಿಸಿದರೆ ಉತ್ತಮ. ಅವಸರದ ಕೆಲಸದಲ್ಲಿ ಮೊದಲು ಕೈಬಿಡುವ ಹಂತವೂ ಇದೇ. ರಾತ್ರಿ ಎಲ್ಲರೂ ಹೋದ ಮೇಲೆ ನೀರು ಬಿಟ್ಟು ಬೆಳಿಗ್ಗೆ ಆರಕ್ಕೆ ನೋಡಿದರೆ ಒಂದು ನಿಮಿಷವೂ ನಷ್ಟವಿಲ್ಲ. ಲೇಪ ಆದ ಮೇಲೆ ಆ ಕೋಣೆಯಲ್ಲಿ ಡ್ರಿಲ್ ಹಿಡಿಯುವವನು ಒಬ್ಬನೇ ಇರಬೇಕು, ಹೊಡೆದ ಪ್ರತಿ ತೂತಿಗೂ ಸೀಲೆಂಟ್ ತುಂಬಬೇಕು.

ಹಾಯ್ಸ್ಟ್ ಎಂದರೆ ಚಾವಣಿಯ ಹಳಿಯಲ್ಲಿ ಜೋಲಿಯಿಂದ ಮನುಷ್ಯರನ್ನು ಹಾಸಿಗೆಯಿಂದ ಎತ್ತಿ ಸ್ನಾನದ ಕೋಣೆಗೆ ಸಾಗಿಸುವ ಯಂತ್ರ. ಸಾಮಾನ್ಯವಾಗಿ 200 ಕಿಲೋ ಆಸುಪಾಸು ಹೊರುವ ಸಾಮರ್ಥ್ಯ. ಜಂತಿಗಳನ್ನು ಜೋಡಿ ಮಾಡುವುದು, ಅಡ್ಡ ಮರ ಹಾಕುವುದು ಎಲ್ಲ ಎಂಜಿನಿಯರ್ ಲೆಕ್ಕದಂತೆ ನಾಲ್ಕನೇ ದಿನವೇ ಆಗಬೇಕು. ಹಳಿ ಹಾದುಹೋಗಲು ಬಾಗಿಲ ತಲೆಯಲ್ಲಿ ಕಂಡಿ ಬೇಕು ಎಂಬುದನ್ನು ಬಡಗಿಗೆ ಹೇಳಲು ಮರೆತರೆ ಮಾಡಿದ ಬಾಗಿಲು ಕತ್ತರಿಸಬೇಕಾಗುತ್ತದೆ. ಗಾಲಿಕುರ್ಚಿ ಬಳಸುವವರ ಮನೆಗೆ ಇಂಗ್ಲೆಂಡಿನ ಕಟ್ಟಡ ನಿಯಮ ಕೇಳುವ ಬಾಗಿಲಿನ ಖುಲ್ಲಾ ಅಗಲ 850 ಮಿಲಿಮೀಟರ್, ತಿರುಗಲು 1,500 ಮಿಲಿಮೀಟರ್ ವೃತ್ತ. ಹೊಸ್ತಿಲು 15 ಮಿಲಿಮೀಟರ್ ಮೀರಬಾರದು. ಇಳಿಜಾರು 12ಕ್ಕೆ 1 ಇದ್ದರೆ ಒಂದು ಹಂತ 2 ಮೀಟರ್‌ಗಿಂತ ಉದ್ದ ಇರಬಾರದು. 20ಕ್ಕೆ 1 ಆದರೆ 10 ಮೀಟರ್‌ವರೆಗೆ. ವಿನ್ಯಾಸಕಿ ಗೇಬ್ರಿಯೆಲ್ ಬ್ಲ್ಯಾಕ್‌ಮನ್, ಚಾರ್ಲಿ ಲಕ್ಸ್‌ಟನ್ ಕೈಯಿಟ್ಟ ಮನೆಗಳಲ್ಲಿ ಮೆಚ್ಚಬೇಕಾದ ಗುಣ ಇದು: ಮನೆ ಆಸ್ಪತ್ರೆಯಂತೆ ಕಾಣುವುದಿಲ್ಲ, ಇಷ್ಟೆಲ್ಲ ಸಲಕರಣೆ ಇದ್ದೂ ಮಗುವಿನ ಕೋಣೆ ಮಗುವಿನ ಕೋಣೆಯಾಗಿಯೇ ಉಳಿಯುತ್ತದೆ.

ಜನಸಂದಣಿಯ ಮಾತು. 24 ಚದರ ಮೀಟರ್ ಕೋಣೆಯಲ್ಲಿ ಏಣಿ, ಬೋರ್ಡು, ಗರಗಸ ಸೇರಿ ಆರು ಜನ ಕೆಲಸ ಮಾಡಬಹುದು. ಏಳನೆಯವನು ಬಂದರೆ ಆರು ಜನರ ಕೆಲಸವೂ ನಿಧಾನ. ಹದಿನೈದು ಎಲೆಕ್ಟ್ರಿಷಿಯನ್‌ಗಳು ಬಂದರೂ ಪರೀಕ್ಷೆ ಮಾಡಿ ಸರ್ಟಿಫಿಕೇಟಿಗೆ ಸಹಿ ಹಾಕುವವರು ತಮ್ಮ ಕಣ್ಣಾರೆ ಕಂಡ ಕೆಲಸಕ್ಕೇ ಸಹಿ ಹಾಕಬೇಕು. ಗ್ಯಾಸಿನ ಕೆಲಸವನ್ನು ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇಲ್ಲದವರು ಮುಟ್ಟುವಂತಿಲ್ಲ. ಹಾಗಾಗಿ ಮನೆಯನ್ನು ಮೇಲಂತಸ್ತು, ಹೊಸ ಭಾಗ, ಹಿತ್ತಲು ಎಂದು ಹಂಚಿ, ಪ್ರತಿ ಭಾಗಕ್ಕೆ ಒಬ್ಬ ಮೇಸ್ತ್ರಿ, ಸಂಜೆಯ ಪಾಳಿಗೆ ಬೇರೆ ಜನ ಎಂದು ಮಾಡಿದ ಸೈಟುಗಳೇ ಗೆಲ್ಲುತ್ತವೆ. ಇದರ ಮೇಲೆ ಕ್ಯಾಮೆರಾ. ಧ್ವನಿ ಹಿಡಿಯುವಾಗ ಗರಗಸ ನಿಲ್ಲಬೇಕು. ಆ ನಿಮಿಷಗಳನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು.

ಬ್ರಿಟನ್ನಿನಲ್ಲಿ ಇರುವ, ಈ ಕೆಲಸ ಬಲ್ಲ ಕನ್ನಡಿಗರು ಹೋಗುವುದಾದರೆ: ಪೂರ್ತಿ ದಿನ ಕೊಡಿ, ಎರಡು ಗಂಟೆಗೆ ಬಂದು ಹೋಗುವವರಿಂದ ಉಸ್ತುವಾರಿಗೆ ಹೊರೆ. ಕಟ್ಟಡ ಕೆಲಸ ಬಲ್ಲಿರೆಂದು ತೋರಿಸುವ ಸಿಎಸ್‌ಸಿಎಸ್ ಕಾರ್ಡು, ಸ್ವಂತ ವಿಮೆಯ ಕಾಗದ, ಉಕ್ಕಿನ ಮೂತಿಯ ಬೂಟು ಒಯ್ಯಿರಿ. ಕರಣೆ, ಡ್ರಿಲ್, ಬ್ಯಾಟರಿಗೆ ನಿಮ್ಮದೇ ಬಣ್ಣದ ಟೇಪು ಸುತ್ತಿ. ಸಂಜೆ ಐವತ್ತು ಒಂದೇ ಥರದ ಬ್ಯಾಟರಿಗಳು ಒಂದೇ ಮೇಜಿನ ಮೇಲೆ ಇರುತ್ತವೆ. ವೈರು ಇರುವ ಉಪಕರಣವಾದರೆ ಅಲ್ಲಿನ ಸೈಟಿನಲ್ಲಿ 110 ವೋಲ್ಟಿನದೇ ನಡೆಯುವುದು. ಪ್ಲಾಸ್ಟರ್, ಬಣ್ಣದವರಿಗೆ ಕೊನೆಯ ಮೂರು ದಿನ ಬೇಡಿಕೆ ಹೆಚ್ಚು, ಮೊದಲ ದಿನ ಹೋಗಿ ಸಾಲಿನಲ್ಲಿ ನಿಂತರೆ ಪ್ರಯೋಜನವಿಲ್ಲ.

ಇದೇ ತಂಡ ದೊಡ್ಡ ಕೆಲಸಗಳನ್ನೂ ಎತ್ತಿಕೊಂಡಿದೆ. 2015ರಲ್ಲಿ ಮ್ಯಾಂಚೆಸ್ಟರಿನ ನ್ಯೂಟನ್ ಹೀತ್‌ನಲ್ಲಿ ಖಾಲಿ ಬಿದ್ದಿದ್ದ ಸಾಲು ಮನೆಗಳನ್ನು ಮಾಜಿ ಸೈನಿಕರಿಗಾಗಿ ಸರಿಪಡಿಸಿದರು. ರಾಜಕುಮಾರರಾದ ವಿಲಿಯಂ, ಹ್ಯಾರಿ ಇಬ್ಬರೂ ಅಲ್ಲಿಗೆ ಬಂದಿದ್ದರು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದ ಬೆಂಕಿಯ ನಂತರ, ಅದೇ ಕಟ್ಟಡದಲ್ಲಿ ಜಾಗ ಕಳೆದುಕೊಂಡ ಬಾಕ್ಸಿಂಗ್ ಕ್ಲಬ್ಬಿಗೆ ಹತ್ತಿರದ ವೆಸ್ಟ್‌ವೇ ಮೇಲ್ಸೇತುವೆಯ ಕೆಳಗೆ ಹೊಸ ನೆಲೆ, ಜೊತೆಗೊಂದು ಸಮುದಾಯ ಕೇಂದ್ರ ಕಟ್ಟಿದ ಕಂತು 2018ರಲ್ಲಿ ಬಂತು.

ಅಮೆರಿಕದ ‘ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್’ ಜೊತೆ ಹೋಲಿಸುವವರಿದ್ದಾರೆ. ಎಬಿಸಿ ವಾಹಿನಿಯಲ್ಲಿ 2003ರಿಂದ 2012ರವರೆಗೆ ಬಂದದ್ದು, ನಿರೂಪಕ ಟೈ ಪೆನಿಂಗ್‌ಟನ್, ಅವಧಿ ಏಳು ದಿನ. ಅಲ್ಲಿ ಹಳೆ ಮನೆ ಕೆಡವಿ ಅರಮನೆಯಂಥದ್ದು ಕಟ್ಟುವುದೇ ಹೆಚ್ಚು. ದೊಡ್ಡ ಮನೆಗೆ ಆಸ್ತಿ ತೆರಿಗೆ, ಕರೆಂಟ್ ಬಿಲ್ಲು ದೊಡ್ಡದಾಗಿ, ತಡೆಯಲಾರದೆ ಕೆಲವು ಕುಟುಂಬಗಳು ಮನೆ ಮಾರಿದ್ದೂ ಉಂಟು. ಬ್ರಿಟಿಷರ ಪದ್ಧತಿ ನಮಗೆ ಹಿಡಿಸುವುದು ಇದೇ ಕಾರಣಕ್ಕೆ: ಇದ್ದ ಮನೆಯನ್ನೇ ಉಳಿಸಿ, ಬೇಕಾದ ಒಂದು ಕೋಣೆ ಸೇರಿಸುತ್ತಾರೆ, ನಡೆಸಿಕೊಂಡು ಹೋಗುವ ಖರ್ಚು ಕುಟುಂಬದ ಕೈಗೆ ಎಟುಕುವಂತಿರುತ್ತದೆ.

ಸಂಚಿಕೆ ಮುಗಿಯುವುದು ಮನೆಯವರು ಬಾಗಿಲು ತೆರೆದಾಗ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮೊದಲ ಚಳಿಗಾಲ ಹೀಟಿಂಗ್ ಹಾಕಿದಾಗ ಮರ ಕುಗ್ಗಿ ಬೋರ್ಡಿನ ಸಾಲಿನಲ್ಲಿ ಕೂದಲೆಳೆ ಬಿರುಕು ಬರುತ್ತದೆ. ಹಳೆ ಇಟ್ಟಿಗೆಗೂ ಹೊಸ ಚೌಕಟ್ಟಿಗೂ ಸೇರುವ ಲಂಬ ಗೆರೆಯಲ್ಲಿ ಅದು ಖಚಿತ. ಬಾಗಿಲು ಕೆತ್ತಬೇಕಾಗಬಹುದು, ಸ್ನಾನದ ಕೋಣೆಯ ಸೀಲೆಂಟ್ ಮತ್ತೆ ಎಳೆಯಬೇಕಾಗಬಹುದು. ಹಾಯ್ಸ್ಟನ್ನು ಆರು ತಿಂಗಳಿಗೊಮ್ಮೆ ಬಲ್ಲವರು ಬಂದು ನೋಡಬೇಕು. ಕಟ್ಟಿದವರು ಎರಡು ಬೀದಿ ಆಚೆಯವರೇ ಆಗಿರುವುದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕುಟುಂಬದ ಕೈಗೆ ಬೀಗದ ಕೈ ಜೊತೆ ಒಂದು ಕಡತವೂ ಸೇರಬೇಕು: ಕಟ್ಟಡ ನಿಯಂತ್ರಣದ ಪೂರ್ಣತಾ ಪತ್ರ, ಎಲೆಕ್ಟ್ರಿಕಲ್ ಮತ್ತು ಗ್ಯಾಸ್ ಸರ್ಟಿಫಿಕೇಟು, ಹಾಯ್ಸ್ಟಿನ ಪರೀಕ್ಷಾ ಕಾಗದ, ಬಣ್ಣದ ಡಬ್ಬಿಗಳ ಸಂಖ್ಯೆ, ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂಬ ಚೀಟಿ, ಮತ್ತು ಬೋರ್ಡು ಮುಚ್ಚುವ ಮುನ್ನ ಟೇಪು ಹಿಡಿದು ತೆಗೆದ ಆ ಗೋಡೆಗಳ ಫೋಟೋ. ಐದು ವರ್ಷ ಕಳೆದು ಯಾರೋ ಒಬ್ಬ ಪ್ಲಂಬರ್ ಸೋರಿಕೆ ಹುಡುಕಲು ಬಂದಾಗ ಮೊದಲು ಕೇಳುವುದು ಅದನ್ನೇ.